ಎಡಗೈ ಯಾಕೆ ಎಂದು ಕೇಳಿದ ಹುಡುಗ

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಪಥಸಂಚಲನಕ್ಕೆಂದು ಕಲಬುರಗಿಯ ಮೈದಾನವೊಂದರಲ್ಲಿ ಶಾಲಾ ಮಕ್ಕಳ ತಾಲೀಮು ನಡೆದಿತ್ತು. ಸ್ಕೌಟುಗಳು ಪರಸ್ಪರ ಎಡಗೈಯಿಂದ ಕೈಕುಲುಕುವುದು ವಾಡಿಕೆ. ಹೊಸದಾಗಿ ಸ್ಕೌಟ್ ಸೇರಿದ್ದ ಹುಡುಗನೊಬ್ಬ ತನ್ನ ಮಾಸ್ತರರನ್ನು "ಸರ್, ಎಡಗೈ ಯಾಕ್ ಕೊಡಬೇಕ್ರಿ?" ಎಂದು ಕೇಳಿದ. "ಹೇಳಿದಷ್ಟು ಮಾಡು, ಶಾಣ್ಯಾತನ ತೋರಿಸಬ್ಯಾಡ" ಎಂಬ ಉತ್ತರದ ಜೊತೆಗೆ ಮೈದಾನ ಒಂದು ಸುತ್ತು ಓಡುವ ಶಿಕ್ಷೆಯೂ ಸಿಕ್ಕಿತು. ಅಂದಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಎಡಗೈಯಲ್ಲಿ ಪ್ರಸಾದ ಮುಟ್ಟಿದರೆ, ಅಂಗಡಿಯಲ್ಲಿ ಎಡಗೈಯಿಂದ ದುಡ್ಡು ಚಾಚಿದರೆ ಬೈಗುಳ ತಿನ್ನುವ ನಮ್ಮ ಸೀಮೆಯ ಮಗುವಿಗೆ ಈ ಪ್ರಶ್ನೆ ಹುಟ್ಟದೇ ಇದ್ದಿದ್ದರೆ ಅದೇ ಆಶ್ಚರ್ಯ. ಉತ್ತರವೂ ಸೊಗಸಾದದ್ದು. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1896ರಲ್ಲಿ ಪಶ್ಚಿಮ ಆಫ್ರಿಕದ ಅಶಾಂಟಿ ಎಂಬ ರಾಜ್ಯಕ್ಕೆ ದಂಡೆತ್ತಿ ಹೋದ ಬ್ರಿಟಿಷ್ ಸೇನೆಯಲ್ಲಿದ್ದರು. ಅಲ್ಲಿನ ವೀರರು ಎಡಗೈ ಚಾಚುತ್ತಿದ್ದರಂತೆ. ಎಡಗೈಯಲ್ಲಿರುವುದು ಗುರಾಣಿ, ಅದನ್ನು ಕೆಳಗಿಟ್ಟು ಕೈ ಕೊಡುವವನು ಎದುರಿಗಿರುವವನನ್ನು ಪೂರ್ತಿ ನಂಬಿದ್ದಾನೆ ಎಂದರ್ಥ. ಈ ಕಥೆಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ, ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಆದರೆ ಇದನ್ನು ಹೇಳಲು ಎರಡು ನಿಮಿಷ ಸಾಕು. ಆ ಹುಡುಗ ಸುತ್ತು ಮುಗಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನನ್ನ ತಕರಾರು ಇಷ್ಟೇ: ಕಾರಣವಿರುವ ನಿಯಮಗಳನ್ನೂ ನಾವು ಕಾರಣವಿಲ್ಲದವುಗಳಂತೆ ಕಲಿಸುತ್ತಿದ್ದೇವೆ. ಮೂರು ಬೆರಳಿನ ವಂದನೆ ಪ್ರತಿಜ್ಞೆಯ ಮೂರು ಭಾಗಗಳನ್ನು ನೆನಪಿಸುತ್ತದೆ. ಕೊರಳಿನ ಸ್ಕಾರ್ಫ್ ಬಿಚ್ಚಿದರೆ ಮುರಿದ ತೋಳಿಗೆ ಜೋಲಿಯಾಗುತ್ತದೆ, ಗಾಯಕ್ಕೆ ಪಟ್ಟಿಯಾಗುತ್ತದೆ, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಒದ್ದೆ ಮಾಡಿ ತಲೆಗೆ ಸುತ್ತಿಕೊಳ್ಳಲೂ ಬರುತ್ತದೆ. ಪಟ್ಟಿಗೆ ರೀಫ್ ನಾಟ್ ಅನ್ನೇ ಹಾಕಿಸುವುದು ಆ ಗಂಟು ಚಪ್ಪಟೆಯಾಗಿ ಕೂತು ಗಾಯವನ್ನು ಒತ್ತದಿರುವುದರಿಂದ, ಬಿಚ್ಚುವುದೂ ಸುಲಭ. ಇಷ್ಟನ್ನು ತಿಳಿದ ಮಗು ಸ್ಕಾರ್ಫನ್ನು ಎಂದೂ ಶಾಲಾ ಚೀಲದಲ್ಲಿ ಮುದುಡಿ ತುರುಕುವುದಿಲ್ಲ. ತಿಳಿಯದ ಮಗುವಿಗೆ ಅದು ಇಸ್ತ್ರಿ ಮಾಡಬೇಕಾದ ಇನ್ನೊಂದು ಬಟ್ಟೆ, ಅಷ್ಟೇ. (ನನಗಂತೂ ಇಂದಿಗೂ ರಸ್ತೆಯಲ್ಲಿ ಸ್ಕಾರ್ಫ್ ಹಾಕಿದ ಮಗು ಕಂಡರೆ ಎದೆ ಉಬ್ಬುತ್ತದೆ. ಅದಕ್ಕೇ ಇಷ್ಟು ಉರಿ.)

ಸಮವಸ್ತ್ರವೆಂದ ಮೇಲೆ ಶಿಸ್ತು ಮೊದಲು, ಸೈನ್ಯದಲ್ಲಿ ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ ಎಂಬ ವಾದ ಬರುತ್ತದೆಂದು ಗೊತ್ತಿದೆ. ಸ್ವಾಮಿ, ಇದು ಸೈನ್ಯವಲ್ಲ. 1907ರಲ್ಲಿ ಇಂಗ್ಲೆಂಡಿನ ಬ್ರೌನ್ಸೀ ದ್ವೀಪದ ಮೊದಲ ಸ್ಕೌಟ್ ಶಿಬಿರದಲ್ಲಿ, ಸೈನ್ಯದಿಂದಲೇ ಬಂದ ಮನುಷ್ಯ ಬೇಡನ್ ಪೊವೆಲ್, ಸಿರಿವಂತರ ಮತ್ತು ಕೂಲಿಕಾರರ ಮಕ್ಕಳನ್ನು ಬೆರೆಸಿ ನಾಲ್ಕು ತಂಡ ಮಾಡಿ, ಪ್ರತಿ ತಂಡದ ಜವಾಬ್ದಾರಿಯನ್ನು ಒಬ್ಬ ಹುಡುಗನ ಕೈಗೇ ಕೊಟ್ಟ. ಇನ್ನು ಶಿಸ್ತಿನ ವಿಷಯ: ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಒಂಬತ್ತು ನಿಯಮಗಳಲ್ಲಿ ಶಿಸ್ತು ಬರುವುದು ಆರನೆಯದಾಗಿ, ಮೊದಲನೆಯದು ನಂಬಿಕೆಗೆ ಅರ್ಹನಾಗಿರುವುದು, ನಾಲ್ಕನೆಯದು ಸೌಜನ್ಯ. ನಮ್ಮ ಮಾಸ್ತರರು ಎಣಿಕೆಯನ್ನು ಆರರಿಂದಲೇ ಶುರುಮಾಡಿದಂತಿದೆ. ಬಸವ ಜಯಂತಿಯಂದು ಅನುಭವ ಮಂಟಪದ ಪ್ರಶ್ನಿಸುವ ಪರಂಪರೆಯ ಬಗ್ಗೆ ಗಂಟೆಗಟ್ಟಲೆ ಭಾಷಣ ಬಿಗಿಯುವವರೂ ಬಹುಮಟ್ಟಿಗೆ ಇವರೇ.

ಪ್ರಶ್ನೆ ಕೇಳಿದವರಿಂದಲೇ ಈ ಚಳವಳಿ ನಮ್ಮದಾಗಿದೆ ಎಂಬುದನ್ನೂ ಮರೆಯಬಾರದು. 1909ರಲ್ಲಿ ಬೆಂಗಳೂರಿನಲ್ಲಿ ಸ್ಕೌಟ್ ದಳ ಆರಂಭವಾದಾಗ ಅದು ಭಾರತೀಯ ಹುಡುಗರಿಗಾಗಿ ಇರಲಿಲ್ಲ. ನಮ್ಮ ಮಕ್ಕಳಿಗೇಕೆ ಪ್ರವೇಶವಿಲ್ಲ ಎಂದು ಸುಮ್ಮನೆ ಕೊರಗದೆ ಆನಿ ಬೆಸೆಂಟ್ ಮದ್ರಾಸಿನಲ್ಲಿ, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಅಲಹಾಬಾದಿನಲ್ಲಿ ಬೇರೆ ಸಂಘಗಳನ್ನೇ ಕಟ್ಟಿದರು. ಸ್ವಾತಂತ್ರ್ಯಾನಂತರ ಬೇರೆಬೇರೆ ಸಂಘಗಳು ಕೂಡಿ 1950ರ ನವೆಂಬರ್ 7ರಂದು ಇಂದಿನ ಸಂಸ್ಥೆ ರೂಪುಗೊಂಡಿತು. ಕಾರಣವಿಲ್ಲದ ನಿಯಮ ಬಿದ್ದುಹೋಯಿತು, ಕಾರಣವಿದ್ದ ಸ್ಕಾರ್ಫ್ ಉಳಿಯಿತು.

ಉತ್ತರ ಗೊತ್ತಿಲ್ಲದ ಮಾಸ್ತರರು "ನಾಳೆ ಕೇಳಿಕೊಂಡು ಬಂದು ಹೇಳುತ್ತೇನಪ್ಪಾ" ಎಂದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಒಂದು ಸಂಪ್ರದಾಯಕ್ಕೆ ಮಾತ್ರ ಅವರೆಷ್ಟು ಹುಡುಕಿದರೂ ಉತ್ತರ ಸಿಗಲಾರದು: ಮುಖ್ಯ ಅತಿಥಿಗಳ ಕಾರು ಬರುವವರೆಗೆ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ತಾವು ಶಾಮಿಯಾನದ ಕೆಳಗೆ ಕುರ್ಚಿ ಹಿಡಿಯುವ ಸಂಪ್ರದಾಯ. ಅದು ಆ ಒಂಬತ್ತರಲ್ಲಿ ಎಲ್ಲಿಯೂ ಇಲ್ಲ, ನಾನು ಮತ್ತೊಮ್ಮೆ ಓದಿ ನೋಡಿದ್ದೇನೆ.