ನೂರು ಅಪ್ಪ-ಅಮ್ಮಂದಿರ ಕೇರಿಯಲ್ಲಿ ಯಾರಿರುತ್ತಾರೆ?

ಡೆನ್ಮಾರ್ಕಿನ ಬೊಫೆಲೆಸ್ಕಾಬ್‌ಗಳ, ಅಂದರೆ ಹಲವು ಮನೆಯವರು ಒಟ್ಟಾಗಿ ಬಾಳುವ ಕೇರಿಗಳ ಬಗ್ಗೆ ಹೇಳಿದರೆ ಊರಿನಲ್ಲಿರುವ ನಮ್ಮವರು "ಓ, ಕೂಡು ಕುಟುಂಬ ಅಲ್ವಾ?" ಎನ್ನುತ್ತಾರೆ. ಕೆಲವರಿಗೆ ಬೆಂಗಳೂರಿನ ಹಳೇ ವಠಾರ ನೆನಪಾಗುತ್ತದೆ. ನನಗೆ ಎರಡೂ ಸರಿಹೊಂದುವುದಿಲ್ಲ. ಇಲ್ಲಿ ಇಪ್ಪತ್ತೋ ಮೂವತ್ತೋ ಮನೆಗಳಿರುತ್ತವೆ. ಪ್ರತಿ ಮನೆಗೂ ತನ್ನದೇ ಅಡುಗೆಮನೆ, ತನ್ನದೇ ಬೀಗ. ಜೊತೆಗೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ. ಕಾರುಗಳು ಸಾಮಾನ್ಯವಾಗಿ ಹೊರಗೇ ನಿಲ್ಲುತ್ತವೆ, ಒಳಗಿನ ದಾರಿಯೆಲ್ಲ ಮಕ್ಕಳದ್ದು.

ಶುರುವಾದದ್ದೂ ಹೆಚ್ಚುಕಡಿಮೆ ಮಕ್ಕಳಿಗಾಗಿಯೇ. 1964ರಲ್ಲಿ ಯಾನ್ ಗುಡ್‌ಮಂಡ್-ಹೋಯರ್ ಎಂಬ ವಾಸ್ತುಶಿಲ್ಪಿ ಗೆಳೆಯರನ್ನು ಕೂಡಿಸಿಕೊಂಡು ಇಂಥದ್ದೊಂದು ಕಟ್ಟಲು ಹೊರಟರು. ಮಕ್ಕಳ ಗಲಾಟೆ ಜಾಸ್ತಿಯಾಗುತ್ತದೆ ಎಂದು ಅಕ್ಕಪಕ್ಕದವರು ಅಡ್ಡಗಾಲು ಹಾಕಿದರು! 1967ರಲ್ಲಿ ಬೋದಿಲ್ ಗ್ರೋ ಎಂಬಾಕೆ, ಮಕ್ಕಳಿಗೆ ನೂರು ಅಪ್ಪ-ಅಮ್ಮಂದಿರು ಇರಬೇಕು ಎಂದು ಪತ್ರಿಕೆಯಲ್ಲಿ ಬರೆದರು. ಹೌದಲ್ಲ ಅನ್ನಿಸಿದವರು ಒಟ್ಟಾದರು. 1972ರಲ್ಲಿ ಸೆಟ್ಟೆಡಮ್ಮನ್ ಎಂಬ ಕೇರಿಯಲ್ಲಿ 27 ಮನೆಗಳು ಎದ್ದವು.

ಈಗಲೂ ಬರುವವರಲ್ಲಿ ಚಿಕ್ಕ ಮಕ್ಕಳಿರುವವರು ತುಂಬಾ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ತಾಯಂದಿರು. ಅವರನ್ನು ಎಳೆದು ತರುವುದು ಆದರ್ಶಕ್ಕಿಂತ, ಆ ದೊಡ್ಡ ಮನೆಯಲ್ಲಿ ಎಲ್ಲರೂ ಸೇರಿ ಉಣ್ಣುವ ರಾತ್ರಿಯೂಟ ಅಂತ ನನ್ನ ಅನಿಸಿಕೆ. ಲೆಕ್ಕ ಹಾಕಿ ನೋಡಿ: ದೊಡ್ಡವರು ಮೂವತ್ತು ಜನ, ವಾರಕ್ಕೆ ಐದು ಊಟ, ದಿನಕ್ಕೆ ಇಬ್ಬರು ಅಡುಗೆಗೆ. ನಿಮ್ಮ ಪಾಳಿ ಬರುವುದು ಮೂರು ವಾರಕ್ಕೊಮ್ಮೆ. ಆ ಒಂದು ದಿನ ಬೆವರು ಸುರಿಸಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿದರೆ, ಉಳಿದ ದಿನ ಬಂದು ಕೂತು ಉಂಡು ತಟ್ಟೆ ತೊಳೆದಿಟ್ಟರೆ ಆಯಿತು. ಗಂಡಸರಿಗೂ ಪಾಳಿ ತಪ್ಪದು. ಊಟ ಸಂಜೆ ಆರಕ್ಕೆ. ನಮಗಿನ್ನೂ ಕಾಫಿಯ ಹೊತ್ತು, ಅದು ಬೇರೆ ಮಾತು.

ಇನ್ನೊಂದು ಗುಂಪು ವಯಸ್ಸಾದವರದ್ದು. ಐವತ್ತು ದಾಟಿದವರಿಗೆಂದೇ ಬೇರೆ ಕೇರಿಗಳಿವೆ. ಮೊದಲನೆಯದು 1987ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆಯಿತು. ಅಲ್ಲಿ ಒಂಟಿ ಹೆಂಗಸರೇ ಜಾಸ್ತಿ. ಮಕ್ಕಳು ಕೈಬಿಟ್ಟರು ಅಂತ ಬಂದವರಲ್ಲ, ಕೈಕಾಲು ಗಟ್ಟಿ ಇರುವಾಗಲೇ ಮನೆ ಮಾರಿ ಬಂದವರು. ಹೊತ್ತಾದರೂ ಪರದೆ ಸರಿಯದಿದ್ದರೆ ಎದುರುಮನೆಯಾಕೆ ಬಂದು ಬಾಗಿಲು ತಟ್ಟುತ್ತಾಳೆ. ನಮ್ಮಲ್ಲಿ ಮಗ ನೋಡಿಕೊಳ್ಳುತ್ತಾನೆ ಅನ್ನುವ ನಂಬಿಕೆಯ ಮೇಲೆ ಮುಪ್ಪು ನಡೆಯುತ್ತದೆ. ಆ ಮಗ ನನ್ನ ಹಾಗೆ ಸಮುದ್ರದಾಚೆ ಕೂತಿರುತ್ತಾನೆ.

ಇಷ್ಟಾದರೂ ಇದನ್ನು ಕೂಡು ಕುಟುಂಬಕ್ಕೆ ನಾನು ಹೋಲಿಸುವುದಿಲ್ಲ. ನಮ್ಮ ಮನೆಗಳಲ್ಲಿ ಒಬ್ಬರು ಊಟಕ್ಕೆ ಬರದಿದ್ದರೆ ಯಾಕೆ, ಏನಾಯ್ತು, ಯಾರು ಏನಂದರು ಅಂತ ಪಂಚಾಯಿತಿ ಶುರು. ಇಲ್ಲಿ ಉಣ್ಣುವವರ ಪಟ್ಟಿಯಲ್ಲಿ ಹೆಸರು ಬರೆಯದಿದ್ದರೆ ಮುಗಿಯಿತು, ಯಾರೂ ಕೇಳುವುದಿಲ್ಲ. ಹಾಗಾಗಿ ಜನಜಂಗುಳಿ ಇಷ್ಟಪಡುವವರೇ ಇಲ್ಲಿಗೆ ಬರುತ್ತಾರೆ ಅನ್ನುವುದು ತಪ್ಪು. ಬೇಡ ಅನಿಸಿದ ದಿನ ಬಾಗಿಲು ಹಾಕಿಕೊಳ್ಳಬಹುದು ಅಂತ ಗೊತ್ತಿರುವುದಕ್ಕೇ ಎಷ್ಟೋ ಸಂಕೋಚದ ಜನರೂ ಬರುತ್ತಾರೆ. ಅದಕ್ಕೆ ತೆರಬೇಕಾದ್ದು ಸಭೆ. ನಾಯಿ ಸಾಕಬಹುದೇ ಅನ್ನುವ ಒಂದೇ ವಿಷಯಕ್ಕೆ ಇಡೀ ಸಂಜೆ ಹೋಗುತ್ತದೆ. ನನಗಂತೂ ಅಷ್ಟು ತಾಳ್ಮೆ ಇಲ್ಲ.

ಯಾರು ಕಾಣುವುದಿಲ್ಲ ಅನ್ನುವುದನ್ನೂ ಹೇಳಬೇಕು. ನಾನು ನೋಡಿದ ಕಡೆಯೆಲ್ಲ ಮೇಷ್ಟ್ರುಗಳು, ನರ್ಸ್‌ಗಳು, ಸರ್ಕಾರಿ ಕೆಲಸದವರು; ಒಂದೇ ಬಗೆಯ ಓದು, ಒಂದೇ ಬಗೆಯ ಮಾತು. ನನ್ನಂಥ ವಲಸಿಗರು ಅಪರೂಪ. ಕೊಂಡುಕೊಳ್ಳುವ ಮನೆಗೆ ದುಡ್ಡು ಬೇಕು, ಆಮೇಲೆ ಸರದಿಯಲ್ಲಿ ಕಾಯಬೇಕು. 1978ರಲ್ಲಿ ಕಟ್ಟಿ ಮುಗಿದ ಟಿಂಗ್‌ಗೋರ್ಡನ್‌ನಂಥ ಬಾಡಿಗೆ ಕೇರಿಗಳು ಈ ಗೋಡೆಯನ್ನು ಸ್ವಲ್ಪ ಒಡೆದಿವೆ. ಲಾಭಕ್ಕೆ ದುಡಿಯದ ವಸತಿ ಸಂಘಗಳು ಕಟ್ಟಿದ ಮನೆಗಳವು, ಕೊಳ್ಳಲು ದುಡ್ಡಿಲ್ಲದವರಿಗೂ ಸಿಗುತ್ತವೆ. ಇನ್ನೂ ಹೆಚ್ಚು ಬೇಕಿತ್ತು. ಹಾಗಂತ ನಮ್ಮ ವಠಾರವನ್ನು ಹೊಗಳಲೂ ಮನಸ್ಸು ಬರುವುದಿಲ್ಲ. ಅಲ್ಲಿ ಬಾಡಿಗೆ ಹೇಳುವ ಮೊದಲು ಜಾತಿ ಕೇಳುತ್ತಿದ್ದರು.

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕ್ಲಬ್‌ಹೌಸ್ ಇದ್ದೇ ಇರುತ್ತದೆ, ಬರ್ತ್‌ಡೇ ಬಿಟ್ಟರೆ ಬೀಗ. ವಾರಕ್ಕೆರಡು ಸಲ ಅಲ್ಲೇ ಪಾಳಿಯ ಅಡುಗೆ ಮಾಡಿದರೆ ಏನು ಕಷ್ಟ? ಕಷ್ಟ ಎಲ್ಲಿ ಬರುತ್ತದೆಂದು ನನಗೂ ಗೊತ್ತು. ಒಲೆ ಹಚ್ಚುವ ಮೊದಲೇ, ಆ ಪಾತ್ರೆಯಲ್ಲಿ ಮಾಂಸ ಬೇಯಿಸಬಹುದೇ ಅನ್ನುವಲ್ಲಿ ಸಭೆ ಮುರಿಯುತ್ತದೆ. ಇಲ್ಲೂ ಸಸ್ಯಾಹಾರಿಗಳಿದ್ದಾರೆ. ಅವರಿಗೊಂದು ಪಾತ್ರೆ ಬೇರೆ ಇಡುತ್ತಾರೆ, ಮೇಜು ಮಾತ್ರ ಒಂದೇ.