ಕಮಿಷನ್ ಆಮೇಲೆ, ಅಡ್ವಾನ್ಸ್ ಯಾರ ಖಾತೆಗೆ ಅನ್ನೋದು ಮೊದಲು

ಮೊದಲ ಸಲ ಫ್ಲಾಟ್ ಬಾಡಿಗೆಗೆ ಬಿಡೋರು ಕಮಿಷನ್ ಕಡಿಮೆ ಇರೋ ಮ್ಯಾನೇಜ್‌ಮೆಂಟ್ ಕಂಪನಿ (ಓನರ್ ಪರವಾಗಿ ಬಾಡಿಗೆ ವ್ಯವಹಾರ ನೋಡ್ಕೊಳ್ಳೋರು) ಹಿಡೀರಿ ಅಂತ ಒಂದು ಸಲಹೆ ಓದಿದೆ. ಬೆಂಗಳೂರಲ್ಲಿ ಅದಕ್ಕೂ ಮುಂಚೆ ಕೇಳಬೇಕಾದ್ದು, ಬಾಡಿಗೆದಾರರ ಅಡ್ವಾನ್ಸ್ ಯಾರ ಖಾತೆಗೆ ಬೀಳುತ್ತೆ ಅಂತ. 'ಗ್ಯಾರಂಟಿ ಬಾಡಿಗೆ ಕೊಡ್ತೀವಿ, ನೀವು ತಲೆ ಕೆಡಿಸ್ಕೋಬೇಡಿ' ಅಂದವರು ಓನರ್‌ಗೆ ಒಂದಷ್ಟು ತಿಂಗಳು ಸರಿಯಾಗಿ ದುಡ್ಡು ಹಾಕಿ, ಅದೇ ಮನೇನ ಇನ್ನೊಬ್ಬರಿಗೆ ಲಕ್ಷಗಟ್ಟಲೆ ಭೋಗ್ಯಕ್ಕೆ ಕೊಟ್ಟು ನಾಪತ್ತೆ ಆಗಿರೋ ಕೇಸುಗಳು ಈ ಊರಲ್ಲಿ ನಡೆದಿವೆ. ಆಮೇಲೆ ಖಾಲಿ ಮಾಡಿ ಅಂದ್ರೆ ಒಳಗಿರೋರು ಯಾಕೆ ಮಾಡ್ತಾರೆ? ಅವರದ್ದೂ ದುಡ್ಡು ಹೋಗಿರುತ್ತೆ, ಪಾಪ.

ಹಾಗಾಗಿ ನೀವು ಓನರ್ ಆಗಿದ್ರೆ ಬಾಡಿಗೆ ಕರಾರು ನಿಮ್ಮ ಹೆಸರಲ್ಲೇ ಆಗಲಿ, ಅಡ್ವಾನ್ಸ್ ನೇರ ನಿಮಗೇ ಬರಲಿ. ಭೋಗ್ಯಕ್ಕೆ ಕೊಡೋ ಅಧಿಕಾರ ಇಲ್ಲ ಅಂತ ಕಂಪನಿ ಜೊತೆಗಿನ ಪತ್ರದಲ್ಲಿ ಬರೆಸಿ. ಜನರಲ್ ಪವರ್ ಆಫ್ ಅಟಾರ್ನಿ, ಅಂದ್ರೆ ನಿಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರಪತ್ರ ಕೇಳಿದ್ರೆ ಕೈಮುಗಿದು ಎದ್ದು ಬನ್ನಿ.

ಕಮಿಷನ್ ಕಡಿಮೆ ಅಂದವರು ಬೇರೆ ಕಡೆ ಎಳೀತಾರೆ: 11 ತಿಂಗಳ ಕರಾರು ಮುಗಿದಾಗ ರಿನ್ಯೂವಲ್ ಫೀ, ನಲ್ಲಿ ವಾಷರ್ ಬದಲಿಸಿದ್ರೂ ಪ್ಲಂಬರ್ ವಿಸಿಟ್ ಚಾರ್ಜು. ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸಲ್ಲಿ ಹಿಡಿಯೋ ಒಂದು ತಿಂಗಳ ಬಾಡಿಗೆಗೆ ಪೇಂಟಿಂಗ್ ಬಿಲ್ಲು ಕೇಳಿ ನೋಡಿ, ಕಂಪನಿ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತೆ. ಬೆಸ್ಕಾಂ ಬಾಕಿ, ಸೊಸೈಟಿ ಮೇಂಟೆನೆನ್ಸ್ ಬಾಕಿ ಚುಕ್ತಾ ಆಗೋವರೆಗೂ ಅಡ್ವಾನ್ಸ್ ವಾಪಸ್ ಬೇಡ.