ಮಾಸ್ತರು ಕೊಟ್ಟ ಹುಟ್ಟುಹಬ್ಬ

ಜೂನ್ 1 ನಮ್ಮ ಕಾರವಾರದ ಕಡೆ ದೊಡ್ಡ ದಿನ. ಅಂದಿನಿಂದ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಮೀನು ನೆಮ್ಮದಿಯಿಂದ ಮೊಟ್ಟೆ ಇಡಲಿ, ಮರಿಯಾಗಲಿ ಅಂತ. ಸಮುದ್ರದಲ್ಲಿ ಎಷ್ಟು ಹುಟ್ಟುತ್ತವೋ ಗೊತ್ತಿಲ್ಲ, ದಾಖಲೆ ಪ್ರಕಾರ ಊರಿನ ಅರ್ಧ ಜನ ಹುಟ್ಟಿದ್ದೂ ಅದೇ ದಿನ.

ಇದರಲ್ಲಿ ಪವಾಡ ಏನೂ ಇಲ್ಲ. ಆಗೆಲ್ಲ ಹುಡುಗನನ್ನು ಶಾಲೆಗೆ ಎಳೆದುಕೊಂಡು ಹೋದರೆ ಮಾಸ್ತರು ಬಲಗೈಯನ್ನು ತಲೆ ಮೇಲಿಂದ ತಂದು ಎಡಕಿವಿ ಮುಟ್ಟು ಅನ್ನುತ್ತಿದ್ದರು. ಕಿವಿ ಸಿಕ್ಕಿತೋ, ವಯಸ್ಸು ಸರಿಯಾಯಿತು. ತಾರೀಖು? ಬರೆದುಕೋ, ಜೂನ್ 1.

ನಮ್ಮೂರಿನ ಅಣ್ಣನೂ ಹೀಗೇ ಹುಟ್ಟಿದವರು. ಅವರು ಯಾವ ಪಕ್ಷ ಅಂತ ಕೇಳಬೇಡಿ, ಈ ತಿಂಗಳದ್ದು ನನಗೂ ಸರಿಯಾಗಿ ಗೊತ್ತಿಲ್ಲ. ಈ ಸಲ ಅವರಿಗೆ ಐವತ್ತು. ಹೆದ್ದಾರಿ 66ರ ಪಕ್ಕ ಸಾಲಾಗಿ ಫ್ಲೆಕ್ಸು. ರಾತ್ರಿ ಹನ್ನೆರಡಕ್ಕೆ ಸರ್ಕಲ್ಲಿನಲ್ಲಿ ಟೆಂಪೋ ಮೇಲೆ ಕೇಕು ಬಂತು.

ಕೇಕು ಪರದೇಶದ್ದು, ನಮ್ಮ ಸಂಸ್ಕೃತಿ ಅಲ್ಲ ಅಂತ ವಾಟ್ಸಾಪಿನಲ್ಲಿ ವರ್ಷವಿಡೀ ಪಾಠ ಮಾಡುವವರೇ ಟೆಂಪೋ ತಳ್ಳುತ್ತಿದ್ದರು. ಪರದೇಶದ್ದು ಅನ್ನುವುದೇನೋ ನಿಜ. 1746ರಲ್ಲಿ ಜರ್ಮನಿಯ ಮರಿಯನ್‌ಬಾರ್ನ್‌ನಲ್ಲಿ ಜಿಂಜೆಂಡಾರ್ಫ್ ಅನ್ನುವ ದೊರೆಯ ಹುಟ್ಟುಹಬ್ಬ ನಡೆಯಿತು. ಒಲೆಯಲ್ಲಿ ಹಿಡಿಸುವಷ್ಟು ದೊಡ್ಡ ಕೇಕು. ವರ್ಷಕ್ಕೊಂದು ತೂತು, ತೂತಿಗೊಂದು ಮೇಣದಬತ್ತಿ, ನಡುವೆ ಇನ್ನೊಂದು. ಪಾಪ, ಆ ದೊರೆಗೆ ಒಲೆಯ ಅಳತೆಯೇ ಮಿತಿ. ನಮ್ಮ ಅಣ್ಣನಿಗೆ ಅದೂ ಇಲ್ಲ. ನಾಲ್ಕು ಒಲೆಯಲ್ಲಿ ಬೇಯಿಸಿ ಜೋಡಿಸಿ, ಸಂದಿಗೆ ಕ್ರೀಮು ಮೆತ್ತುತ್ತಾರೆ. ನಮ್ಮ ರಸ್ತೆ ಗುಂಡಿ ಮುಚ್ಚುವಾಗ ಇಷ್ಟು ಶ್ರದ್ಧೆ ನಾನು ಕಂಡಿಲ್ಲ.

ಕತ್ತರಿಸುವುದಕ್ಕೆ ಚಾಕು ಸಾಲದು, ತಲವಾರೇ ಬೇಕು. ಆದರೆ ತಲವಾರಿನಲ್ಲಿ ಕೇಕು ಕೊಯ್ದವರ ಮೇಲೆ ಅಲ್ಲಲ್ಲಿ ಪೊಲೀಸ್ ಕೇಸು ಬಿದ್ದ ಸುದ್ದಿ ಹುಡುಗರೂ ಓದಿದ್ದರು. ಯಕ್ಷಗಾನ ಮೇಳದ ಕತ್ತಿ ತಂದರು. ಮರದ್ದು, ಬೇಗಡೆ ಹಚ್ಚಿದ್ದು. ಅಣ್ಣ ಕೌರವನ ಗತ್ತಿನಲ್ಲಿ ಎತ್ತಿ ಹೊಡೆದರು. ಕೇಕು ಕೊಯ್ಯಲಿಲ್ಲ, ಜಜ್ಜಿತು. ಬೇಗಡೆ ಕ್ರೀಮಿಗೆ ಅಂಟಿಕೊಂಡಿತು. ಮನೆಯಿಂದ ಮೆಟ್ಟುಗತ್ತಿ ತಂದಿದ್ದರೆ ಬಂಗಡೆ ಕೊಯ್ದ ಹಾಗೆ ನೀಟಾಗಿ ಆಗುತ್ತಿತ್ತು, ಆದರೆ ನೆಲಕ್ಕೆ ಕೂತು ಕೊಯ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲ.

ಅದಕ್ಕೂ ಮೊದಲು ದೀಪ ಆರಿಸುವ ಕಾರ್ಯಕ್ರಮ. ಬಾಯಲ್ಲಿ ಎಲೆಯಡಿಕೆಯ ಕವಳ ಇಟ್ಟುಕೊಂಡೇ ಊದಿದರು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಲೆಕ್ಕ ಹಾಕಿದ್ದರು, ಬತ್ತಿ ಊದಿದರೆ ಕ್ರೀಮಿನ ಮೇಲೆ ಬ್ಯಾಕ್ಟೀರಿಯಾ ಸರಾಸರಿ ಶೇಕಡಾ 1400ರಷ್ಟು ಜಾಸ್ತಿಯಾಗುತ್ತದೆ ಅಂತ. ಕವಳ ಸೇರಿಸಿ ಯಾರೂ ಲೆಕ್ಕ ಹಾಕಿದಂತಿಲ್ಲ. ಎಂಜಲು ಅಂದರೆ ಮಾರು ದೂರ ಓಡುವ ನಮ್ಮ ಜನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ನಾನೂ ನಿಂತಿದ್ದೆ, ಸುಳ್ಳು ಯಾಕೆ.

ಹಾಡಂತೂ ಇದ್ದೇ ಇತ್ತು. ಅದರ ರಾಗ ಅಮೆರಿಕದ ಲೂಯಿವಿಲ್ಲಿನ ಹಿಲ್ ಅಕ್ಕ-ತಂಗಿಯರದ್ದು. ಶಿಶುವಿಹಾರದ ಮಕ್ಕಳು ಬೆಳಿಗ್ಗೆ ನಮಸ್ಕಾರ ಹೇಳಲಿ ಅಂತ ಮಾಡಿದ ಹಾಡು, 1893ರಲ್ಲಿ ಪುಸ್ತಕದಲ್ಲಿ ಬಂತು. ಆಮೇಲೆ ಯಾರೋ ಅದಕ್ಕೆ ಹುಟ್ಟುಹಬ್ಬ ಅಂಟಿಸಿದರು. ಅಂದರೆ ಹಾಡು ಕೊಟ್ಟವರು ಶಾಲೆಯ ಅಕ್ಕೋರು, ತಾರೀಖು ಕೊಟ್ಟವರು ಮಾಸ್ತರು. ಅಣ್ಣ ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಶಾಲೆ ಅವರನ್ನು ಬಿಟ್ಟಿಲ್ಲ.

ಈ ಗದ್ದಲದಲ್ಲಿ ವೇದಿಕೆಯ ಮೂಲೆಯಲ್ಲಿ ಕೂರಿಸಿದ್ದ ಅಣ್ಣನ ಆಯಿ ಮೈಕಿನ ಹತ್ತಿರವೇ ಕೇಳಿಬಿಟ್ಟರು. "ಇವತ್ತೆಂಥ ಹುಟ್ಟಿದ ದಿನ ತಮಾ? ನೀ ಹುಟ್ಟಿದ್ದು ಆರಿದ್ರಾ ಮಳೆಗೆ. ನಾನು ನಟ್ಟಿ ಗದ್ದೆಯಿಂದ ಎದ್ದು ಬಂದಿದ್ದೆ. ಇನ್ನೂ ಮಳೆಯೇ ಬಿದ್ದಿಲ್ಲವಲ್ಲ!"

ಆರಿದ್ರಾ ಬರುವುದು ಜೂನ್ 21ರ ಹೊತ್ತಿಗೆ. ಒಂದು ಕ್ಷಣ ಸರ್ಕಲ್ಲು ತಣ್ಣಗಾಯಿತು. ಮೈಕಿನವನು ಜಾಣ, ವಾಲ್ಯೂಮ್ ಏರಿಸಿದ. ಪಟಾಕಿ ಹಚ್ಚಿದರು. ಆರಿದ್ರಾ ಬಂದಾಗ ಆಯಿ ಸವತೆಕಾಯಿ, ರವೆ, ಬೆಲ್ಲ, ಕಾಯಿ ಹಾಕಿ ತವಸಳಿ ಮಾಡುತ್ತಾರೆ. ಕೆಳಗೂ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದ ನಮ್ಮ ಕರಾವಳಿಯ ಕೇಕು ಅದು. ಅದಕ್ಕೆ ಫ್ಲೆಕ್ಸು ಬೇಡ, ಊದುವವರೂ ಬೇಡ.

ಬೇಕರಿಯವನು ಮಾತ್ರ ಕೊನೆಯವರೆಗೂ ಟೆಂಪೋ ಪಕ್ಕವೇ ನಿಂತಿದ್ದ. ಬೈಬಲ್ಲಿನ ಆದಿಕಾಂಡದಲ್ಲಿ ಈಜಿಪ್ಟಿನ ಫರೋಹನ ಹುಟ್ಟುಹಬ್ಬದ ಕಥೆ ಬರುತ್ತದೆ. ಆ ದಿನ ಅರಸ ತನ್ನ ರೊಟ್ಟಿ ಮಾಡುವವನನ್ನೇ ನೇಣಿಗೆ ಹಾಕಿಸಿದ. ನಮ್ಮಲ್ಲಿ ಅಷ್ಟು ಕ್ರೂರಿಗಳಿಲ್ಲ, ಬಾಕಿ ಇಡುತ್ತಾರೆ ಅಷ್ಟೇ. "ಹೋದ ವರ್ಷದ್ದಾದರೂ ಕೊಡಿ ಅಣ್ಣಾ" ಅಂದ. ಅಣ್ಣ ಅವನ ಬಾಯಿಗೆ ಒಂದು ತುಂಡು ಕೇಕು ತುರುಕಿದರು. ಫೋಟೋ ಬಂತು.

ನಾನು ಹಲ್ಲಿಗೆ ಸಿಕ್ಕ ಬೇಗಡೆ ತೆಗೆಯುತ್ತಾ ಮನೆ ಕಡೆ ಹೊರಟೆ. ಮೊಬೈಲು ಟಿಣ್ ಅಂದಿತು. ಬ್ಯಾಂಕಿನಿಂದ ಮೆಸೇಜು: ನಿಮಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಹೌದಲ್ವಾ, ನನ್ನ ಕಿವಿ ಮುಟ್ಟಿಸಿದ್ದೂ ಅದೇ ಮಾಸ್ತರು.